ಒರಟು ಮೈಯ ಮೇಣದಬತ್ತಿಗಳು

ಮಾರ್ಚ್ 3, ಸೋಮವಾರ

ನರರೋಗದ ಡಾಕ್ಟರು ಹೇಳಿದ್ದು ಇಷ್ಟು: ಪ್ರಾಣಕ್ಕೆ ಅಪಾಯವಿಲ್ಲ, ದೊಡ್ಡ ರೋಗವೂ ಅಲ್ಲ, ಆದರೆ ಬಲಗೈ ಇನ್ನು ಮುಂದೆ ಹೀಗೆಯೇ ನಡುಗುತ್ತದೆ. ಮಾತ್ರೆ ತೆಗೆದುಕೊಂಡರೆ ಸ್ವಲ್ಪ ತಗ್ಗಬಹುದು. "ದಿನಾ ಒಂದು ಸಾಲು ಬರೆದಿಡಿ, ಯಾವಾಗ ಜಾಸ್ತಿ, ಯಾವಾಗ ಕಡಿಮೆ ಅಂತ" ಎಂದರು. ಆ ಒಂದು ಸಾಲಿಗೆಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ಉಳಿದ ಜಾಗವೆಲ್ಲ ನನ್ನದು. ಅಕ್ಷರಗಳು ದಾರಿ ತಪ್ಪಿದ ಇರುವೆ ಸಾಲಿನಂತೆ ಕಾಣುತ್ತಿವೆ. ಓದುವವನು ನಾನೊಬ್ಬನೇ, ಪರವಾಗಿಲ್ಲ.

ಮೂವತ್ತೊಂದು ವರ್ಷ ಹಲ್ಲಿನ ಸೆಟ್ ಮಾಡಿದವನು ನಾನು. ಡಾಕ್ಟರು ಬಾಯಿಯ ಅಳತೆ ಕಳಿಸುತ್ತಾರೆ, ಲ್ಯಾಬಿನಲ್ಲಿ ಕೂತು ನಾವು ಮೇಣದಲ್ಲಿ ವಸಡು ಮಾಡಿ, ಒಂದೊಂದೇ ಹಲ್ಲು ಜೋಡಿಸಿ ಕಳಿಸುತ್ತೇವೆ. ಕಳೆದ ತಿಂಗಳು ನಾನು ಮಾಡಿದ ಎರಡು ಸೆಟ್ ವಾಪಸ್ ಬಂದವು. ಮೂರನೆಯದು ಬರುವ ಮೊದಲು ನಾನೇ ಯಜಮಾನರ ಹತ್ತಿರ ಹೋಗಿ "ಸಾಕು ಸರ್" ಎಂದೆ. ಅವರು ಬೇಡ ಎನ್ನಲಿಲ್ಲ. ಬೇಡ ಎನ್ನುತ್ತಾರೆ ಎಂದು ಒಂದು ಕ್ಷಣ ಕಾದಿದ್ದೆ.

ಮನೆಗೆ ತಂದದ್ದು ಒಂದು ಸ್ಪಿರಿಟ್ ದೀಪ, ಮೇಣ ಕೆತ್ತುವ ಚಾಕು, ನನ್ನ ಸ್ಟೂಲು. ಸ್ಟೂಲನ್ನು ಅಡುಗೆಮನೆಯಲ್ಲಿ ಕಂಡು ಹೆಂಡತಿ, "ಮನೇಲಿ ಇರಿ, ಬೇಡ ಅನ್ನಲ್ಲ. ಆದ್ರೆ ಸುಮ್ನೆ ಕೂತು ನನ್ನ ಡಬ್ಬಿಗಳ ಜೋಡಣೆ ಸರಿಯಿಲ್ಲ ಅಂತ ಶುರು ಮಾಡಬೇಡಿ" ಎಂದಳು. ಇವಳು ಬಡಾವಣೆಯ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾಳೆ. ಜೋಡಣೆಯ ವಿಷಯದಲ್ಲಿ ಅವಳಿಗೆ ಬೇರೆಯವರ ಸಲಹೆ ಬೇಕಿಲ್ಲ.

ಕೈ: ಗಡ್ಡ ಹೆರೆಯುವಾಗ ಎರಡು ಕಡೆ ಗಾಯ. ಚಹಾ ಅರ್ಧ ಲೋಟವೇ ಹಾಕಿಸಿಕೊಂಡೆ.

ಮಾರ್ಚ್ 6, ಗುರುವಾರ

ನಾದಿನಿ ಬಂದಿದ್ದಳು. ಇವಳ ತಂಗಿ. ಬಸ್ ನಿಲ್ದಾಣದ ಎದುರು ಹೂವಿನ ಅಂಗಡಿ ಇಟ್ಟಿದ್ದಾಳೆ. ಅಂಗಡಿಯ ಒಂದು ಗೋಡೆಗೆ ಅಲಂಕಾರದ ಮೇಣದಬತ್ತಿಗಳ ಕಪಾಟಿದೆ. ಬತ್ತಿ ಮಾಡಿಕೊಡುತ್ತಿದ್ದ ಹೆಂಗಸು ಮಗಳ ಬಾಣಂತನಕ್ಕೆಂದು ದೂರದ ಊರಿಗೆ ಹೋದಳಂತೆ. ಕಪಾಟು ಖಾಲಿ ಬಿದ್ದಿದೆಯಂತೆ. ಇಟ್ಟಿಗೆಯಂಥ ಎರಡು ಮೇಣದ ಗಟ್ಟಿ ಮತ್ತು ಒಂದು ಉಂಡೆ ಹತ್ತಿಯ ದಾರವನ್ನು ನನ್ನ ಮುಂದಿಟ್ಟು, "ಭಾವ, ಮೇಣ ನಿಮಗೆ ಗೊತ್ತಿರೋ ಸಾಮಾನು. ನೀವೇ ಮಾಡಿಕೊಡಿ" ಎಂದಳು.

ಅಕ್ಕತಂಗಿ ಇಬ್ಬರೂ ನನ್ನ ಮುಖ ನೋಡದೆ ಕಿಟಕಿ ನೋಡುತ್ತಿದ್ದರು. ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ತಿಳಿಯಲು ದೊಡ್ಡ ಬುದ್ಧಿ ಬೇಡ. ಅಳುವ ಮಗುವಿನ ಕೈಗೆ ಗಿಲಕಿ ಕೊಟ್ಟ ಹಾಗೆ. ಮುಖ ಮುರಿಯುವಂತೆ ಇಲ್ಲ ಎನ್ನಲಾಗಲಿಲ್ಲ, ಆಯಿತು ಎಂದೆ.

ಕೈ: ಅವಳು ಇರುವಷ್ಟು ಹೊತ್ತೂ ಜೇಬಿನಲ್ಲಿತ್ತು.

ಮಾರ್ಚ್ 9, ಭಾನುವಾರ

ಆರು ಬತ್ತಿ ಮಾಡಿದೆ. ಒಂದು ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ಇನ್ನೊಂದು ಪಾತ್ರೆ ಇಟ್ಟು ಮೇಣ ಕರಗಿಸಿದೆ. ನೇರ ಬೆಂಕಿಯ ಮೇಲೆ ಇಟ್ಟರೆ ಹೊತ್ತಿಕೊಳ್ಳುತ್ತದೆ. ಥರ್ಮಾಮೀಟರ್ ಹಿಡಿದು ಎಂಬತ್ತು ಡಿಗ್ರಿಗೆ ತಂದೆ. ಎಣ್ಣೆ ಸವರಿದ ಒಂದೊಂದು ಡಬ್ಬದ ನಡುವೆಯೂ ದಾರ ನಿಲ್ಲಿಸಿ ಸುರಿದೆ. ಸುರಿಯುವಾಗ ಎಡಗೈಯಿಂದ ಬಲಗೈ ಮಣಿಕಟ್ಟು ಬಿಗಿಯಾಗಿ ಹಿಡಿದುಕೊಂಡಿದ್ದೆ. ತಣಿದ ಮೇಲೆ ಹೊರತೆಗೆದು, ಲ್ಯಾಬಿನಲ್ಲಿ ಮಾಡುತ್ತಿದ್ದಂತೆ ಇವಳ ಹಳೆಯ ರೇಷ್ಮೆ ಬಟ್ಟೆಯ ತುಂಡಿನಿಂದ ತಿಕ್ಕಿ ಹೊಳಪು ಕೊಟ್ಟೆ. ಮೊಟ್ಟೆಯ ಸಿಪ್ಪೆಯಂಥ ನುಣುಪು. ಆರರಲ್ಲಿ ಒಂದಕ್ಕೂ ಕುಂದಿಲ್ಲ.

ನಾದಿನಿ ನೋಡಿದಳು. "ಚೆನ್ನಾಗಿದೆ ಭಾವ" ಎಂದಳು. ಆ ದನಿ ನನಗೆ ಗೊತ್ತು. ಹೊಸ ಸೆಟ್ ಹಾಕಿಕೊಂಡು ಕನ್ನಡಿ ನೋಡಿ ರೋಗಿಗಳು ಹೀಗೆಯೇ ಅನ್ನುತ್ತಾರೆ.

"ಏನು ಕೊರತೆ ಹೇಳು" ಎಂದೆ.

"ಕೊರತೆ ಇಲ್ಲ, ಅದೇ ಕೊರತೆ. ಫ್ಯಾಕ್ಟರಿದು ಅಂದ್ಕೋತಾರೆ. ನನಗೆ ಒರಟಾಗಿ ಬೇಕು." ಫೋನಿನಲ್ಲಿ ಚಿತ್ರ ತೋರಿಸಿದಳು. ಹಳೆಯ ಗೋಡೆಯ ಸುಣ್ಣ ಎದ್ದ ಹಾಗೆ, ಮರದ ತೊಗಟೆಯ ಹಾಗೆ, ಮೈಯೆಲ್ಲ ಬಿಳಿ ಬಿಳಿ ಮಚ್ಚೆ, ಪದರ ಪದರ. ಅಂಚು ಕೂಡ ಸಮವಿಲ್ಲ. ಇದನ್ನು ಜನ ಕೇಳಿ ಒಯ್ಯುತ್ತಾರಂತೆ!

ಹಲ್ಲಿನ ಸೆಟ್‌ನಲ್ಲಿ ಕೂದಲೆಳೆಯಷ್ಟು ಒರಟು ಉಳಿದರೂ ನಾಲಗೆಗೆ ತಿಳಿಯುತ್ತದೆ. ಆ ಕೂದಲೆಳೆಯನ್ನು ಹುಡುಕಿ ಹುಡುಕಿ ತೆಗೆಯುವುದರಲ್ಲಿ ನನ್ನ ಆಯುಷ್ಯ ಹೋಗಿದೆ.

ಕೈ: ಹೇಳಬೇಕೆಂದರೆ ಸುರಿಯುವಾಗ ಪರವಾಗಿರಲಿಲ್ಲ. ಆಮೇಲೆ ಭುಜದವರೆಗೂ ನೋವು.

ಮಾರ್ಚ್ 12, ಬುಧವಾರ

ಒರಟು ಮಾಡಲು ಹೊರಟೆ. ನುಣುಪಾದ ಬತ್ತಿಯ ಮೇಲೆ ಚಾಕುವಿನಿಂದ ಗೀರಿದೆ. ಇವಳು ಬಂದು ಎತ್ತಿ ಹಿಡಿದು, "ಯಾವ ಬೆಕ್ಕು?" ಎಂದಳು. ತಂತಿ ಬ್ರಷ್‌ನಿಂದ ಉಜ್ಜಿದೆ, ಸವೆದ ಸೋಪಿನಂತಾಯಿತು. ಉಪ್ಪು ಒತ್ತಿದೆ, ಗೋಡೆಗೆ ಚರ್ಮರೋಗ ಬಂದ ಹಾಗಾಯಿತು. ಎಲ್ಲವನ್ನೂ ಮತ್ತೆ ಕರಗಿಸಿದೆ. ಮೇಣದ ಒಳ್ಳೆಯತನ ಇದು, ಎಷ್ಟು ಕೆಡಿಸಿದರೂ ಮುನಿಸಿಕೊಳ್ಳುವುದಿಲ್ಲ.

ಕೈ: ಜಾಸ್ತಿ. ಸಿಟ್ಟು ಬಂದರೆ ಜಾಸ್ತಿ ಎಂದು ಡಾಕ್ಟರಿಗೆ ಹೇಳಬೇಕು.

ಮಾರ್ಚ್ 15, ಶನಿವಾರ

ಬೆಳಿಗ್ಗೆ ಮೇಣ ಕರಗಿಸಿ ಒಲೆ ಆರಿಸಿದ್ದೆ, ಅಷ್ಟರಲ್ಲಿ ನೀರಿನ ಪೈಪ್ ನೋಡಲು ಪ್ಲಂಬರ್ ಬಂದ. ಅವನ ಜೊತೆ ಮಹಡಿ ಹತ್ತಿಳಿದು ಬರುವಷ್ಟರಲ್ಲಿ ಮೇಣ ತಣಿದು ಮೇಲೆ ಹಾಲಿನ ಕೆನೆಯ ಹಾಗೆ ಪೊರೆ ಕಟ್ಟಿತ್ತು. ಅರವತ್ತು ಡಿಗ್ರಿಗಿಂತ ಕೆಳಗೆ. ಡಬ್ಬಗಳನ್ನು ಯಾಕೋ ಫ್ರಿಜ್‌ನಲ್ಲಿಟ್ಟಿದ್ದೆ, ಮಂಜಿನಷ್ಟು ತಣ್ಣಗಿದ್ದವು. ಇನ್ನು ಕಾಯಿಸುವ ತಾಳ್ಮೆ ಇರಲಿಲ್ಲ. ಹೇಗಾದರೂ ಹಾಳಾಗಲಿ ಎಂದು ಮಣಿಕಟ್ಟು ಕೂಡ ಹಿಡಿಯದೆ ಸುರಿದೆ. ಮೇಣ ಒಂದೇ ಧಾರೆಯಾಗಿ ಬೀಳಲಿಲ್ಲ. ಕುಪ್ಪಳಿಸಿ ಕುಪ್ಪಳಿಸಿ ಬಿತ್ತು. ಅರ್ಧಕ್ಕೆ ನಿಂತಿತು, ಮತ್ತೆ ಬಿತ್ತು.

ಮಧ್ಯಾಹ್ನ ಡಬ್ಬ ತಟ್ಟಿ ಹೊರತೆಗೆದೆ. ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ತಣ್ಣನೆಯ ಡಬ್ಬಕ್ಕೆ ತಾಗಿದಲ್ಲೆಲ್ಲ ಮೇಣ ಥಟ್ಟನೆ ಹೆಪ್ಪುಗಟ್ಟಿ ಬಿಳಿಯ ಹೂ ಎದ್ದಿದೆ. ಧಾರೆ ತಡೆದು ಬಿದ್ದಲ್ಲಿ ಒಂದೊಂದು ಗೆರೆ, ನದಿಯ ದಂಡೆಯಲ್ಲಿ ನೀರು ಇಳಿದ ಗುರುತಿನ ಹಾಗೆ. ಯಾವ ಎರಡು ಗೆರೆಯೂ ಒಂದರಂತೆ ಒಂದಿಲ್ಲ.

ನಾದಿನಿಗೆ ಚಿತ್ರ ಕಳಿಸಿದೆ. ತಕ್ಷಣ ಫೋನ್ ಮಾಡಿ, "ಭಾವ! ಇದೇ! ಹೇಗೆ ಮಾಡಿದ್ರಿ?" ಎಂದು ಕಿರುಚಿದಳು.

"ಗೊತ್ತಿಲ್ಲಮ್ಮ" ಎಂದೆ. ನಿಜವನ್ನೇ ಹೇಳಿದೆ. ತಪ್ಪಿ ಆದದ್ದನ್ನು ಬೇಕೆಂದು ಇನ್ನೊಮ್ಮೆ ಮಾಡುವುದು ಹೇಗೆ?

ಕೈ: ಇದ್ದ ಹಾಗೇ ಇದೆ.

ಮಾರ್ಚ್ 20, ಗುರುವಾರ

ನಾಲ್ಕು ದಿನ ಬರೆಯಲಿಲ್ಲ, ಪುರುಸೊತ್ತಿರಲಿಲ್ಲ. ಈಗ ಹದ ತಿಳಿಯಿತು. ಕೆನೆ ಕಟ್ಟುವುದಕ್ಕೆ ಮುಂಚೆ ಸುರಿದರೆ ನುಣುಪಾಗಿಬಿಡುತ್ತದೆ. ತಡವಾದರೆ ಅಂಬಲಿಯಂತೆ ಮುದ್ದೆಗಟ್ಟುತ್ತದೆ. ನಡುವೆ ಹೆಚ್ಚೆಂದರೆ ನಾಲ್ಕು ನಿಮಿಷ. ಆ ನಾಲ್ಕು ನಿಮಿಷ ಬಾಗಿಲು ಬಡಿದರೂ ತೆರೆಯಬಾರದು. ದಾರದ ಸುತ್ತ ಗುಳಿ ಬೀಳುತ್ತದೆ, ಅದಕ್ಕೆ ಮಾತ್ರ ಬಿಸಿ ಮೇಣ ಹಾಕಿ ತುಂಬಬೇಕು.

ಇನ್ನೊಂದು ಬಗೆಯೂ ಸಿಕ್ಕಿದೆ. ಅರೆತಣಿದ ಮೇಣವನ್ನು ಫೋರ್ಕ್‌ನಿಂದ ನೊರೆ ಬರುವಂತೆ ಕಡೆದು, ಬತ್ತಿಯ ಹೊರಮೈಗೆ ಮೆತ್ತುವುದು. ಹಿಮ ಬಿದ್ದ ಹಾಗೆ ಕಾಣುತ್ತದೆ. ನಾನು ಕಡೆಯುವುದನ್ನು ಇವಳು ನೋಡುತ್ತ ನಿಂತಿದ್ದು, "ಕರೆಂಟಿಲ್ಲದ ಮಿಕ್ಸರ್ ಮನೇಲೇ ಇತ್ತು ಅಂತ ನನಗೆ ಗೊತ್ತೇ ಇರ್ಲಿಲ್ಲ" ಎಂದಳು. ಹೇಳಿದ ಮೇಲೆ ಅವಳ ಮುಖವೇ ಬಿಳಿಚಿಕೊಂಡಿತು. ನನಗೋ ನಗು ತಡೆಯಲಾಗಲಿಲ್ಲ. ಮೇಣವೆಲ್ಲ ಒಲೆಯ ಮೇಲೆ ಸಿಡಿಯಿತು. ಅದನ್ನು ಕೆರೆಯುತ್ತ ಇಬ್ಬರೂ ಇನ್ನೊಂದು ಸುತ್ತು ನಕ್ಕೆವು.

ಕಪಾಟಿನ ಎರಡು ಸಾಲು ತುಂಬಿತಂತೆ.

ಮಾರ್ಚ್ 22, ಶನಿವಾರ

ಭೂತಗನ್ನಡಿ ಬಂದಿದ್ದಳು. ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜಿನವಳು. ಹಣೆಗೆ ಭೂತಗನ್ನಡಿ ಕಟ್ಟಿಕೊಂಡೇ ಊಟಕ್ಕೂ ಕೂರುತ್ತಿದ್ದಳಾದ್ದರಿಂದ ಆ ಹೆಸರು. ಹದಿನೈದು ವರ್ಷದ ಹಿಂದೆ ಅವಳಿಗೆ ಕೆಲಸ ಕಲಿಸಿದವನು ನಾನೇ. ಈಗ ನನ್ನ ಮೇಜೂ ಅವಳದೇ.

ಒಂದು ಡಬ್ಬಿ ತಂದಿದ್ದಳು. ಒಳಗೆ ಯಾರೋ ಅಜ್ಜಿಯ ಪೂರ್ತಿ ಸೆಟ್. ಮೂರು ಸಲ ಮಾಡಿದರೂ ಕಚ್ಚುವಾಗ ಮೇಲಿನದು ಕೆಳಗಿನದು ಕೂಡುತ್ತಿಲ್ಲವಂತೆ. "ಸರ್, ನೀವೊಮ್ಮೆ ನೋಡಿ" ಎಂದು ನನ್ನ ಕಡೆ ಚಾಚಿದಳು. ತೆಗೆದುಕೊಳ್ಳಲು ಹೋದೆ. ಡಬ್ಬಿಯ ಒಳಗೆ ಹಲ್ಲುಗಳು ಕಟಕಟ ಸದ್ದು ಮಾಡಿದವು. ಅವಳು ನನ್ನ ಕೈಯನ್ನೇ ನೋಡಿದಳು.

"ಏನು, ಎಷ್ಟು ನಡುಗ್ತಿದೆ ಅಂತ ನೋಡಿಕೊಂಡು ಹೋಗೋಕೆ ಬಂದ್ಯಾ? ಹೋಗಿ ಲ್ಯಾಬಲ್ಲಿ ಎಲ್ಲರಿಗೂ ಹೇಳು."

ಅವಳು ಡಬ್ಬಿ ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡು ಹೋದಳು. ಚಹಾ ಹಾಗೇ ಇತ್ತು.

ಬಡವನ ಕೋಪ ದವಡೆಗೆ ಮೂಲ ಎಂಬ ಗಾದೆ ಹೇಳಿ ಲ್ಯಾಬಿನಲ್ಲಿ ನಾವೆಲ್ಲ ನಗುತ್ತಿದ್ದೆವು. ಇವತ್ತು ನನ್ನ ದವಡೆಯೇ ನೋಯುತ್ತಿದೆ, ಅಷ್ಟು ಕಚ್ಚಿ ಹಿಡಿದಿದ್ದೆ.

ಮಾರ್ಚ್ 24, ಸೋಮವಾರ

ಏನೂ ಮಾಡಲಿಲ್ಲ.

ಮಾರ್ಚ್ 26, ಬುಧವಾರ

ಹತ್ತು ಬತ್ತಿ ಸುರಿದೆ, ಹತ್ತೂ ಬಿರುಕು ಬಿಟ್ಟವು. ಬೇಗ ತಣಿಯಲೆಂದು ನೀರಿಗೆ ಇಳಿಸಿದ್ದೇ ತಪ್ಪು. ಅವಸರ ಮೇಣಕ್ಕೆ ಆಗಿಬರುವುದಿಲ್ಲ.

ಇವಳಿಗೆ ಶನಿವಾರದ ವಿಷಯ ಹೇಳಿದೆ. ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದವಳು ತಲೆಯೆತ್ತದೆ, "ಅವಳಿಗೆ ಕೈ ಬೇಕಿದ್ರೆ ಅವಳದೇ ಎರಡಿವೆ ರೀ. ಬಂದಿದ್ದು ನಿಮ್ಮ ಕಣ್ಣಿಗೆ" ಎಂದಳು.

ನಾನು ಬಿರುಕು ಬಿಟ್ಟ ಹತ್ತನ್ನೂ ಕರಗಿಸಿದೆ.

ಏಪ್ರಿಲ್ 2, ಬುಧವಾರ

ನಾದಿನಿ ನನ್ನನ್ನು ಕೇಳದೆಯೇ ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದ್ದಾಳೆ: ಶನಿವಾರ ಮಧ್ಯಾಹ್ನ ಒರಟು ಮೇಣದಬತ್ತಿ ಮಾಡುವುದನ್ನು ಕಲಿಸಲಾಗುವುದು. ಎಂಟು ಜನ ಹೆಸರು ಕೊಟ್ಟಿದ್ದಾರೆ.

"ನಾನು ಬರಲ್ಲ" ಎಂದೆ.

"ಸರಿ ಭಾವ, ನಾನೇ ಹೇಳಿಕೊಡ್ತೀನಿ. ಅಂಗಡಿ ಹೊತ್ತಿಕೊಂಡ್ರೆ ನೀರು ತರೋಕಾದ್ರೂ ಬನ್ನಿ."

ಅವಳು ಹೊತ್ತಿಸಿಯೇ ಹೊತ್ತಿಸುತ್ತಾಳೆ. ಮೇಣವನ್ನು ನೇರ ಉರಿಗೆ ಇಡುವ ಪೈಕಿ. ಹಿಂದೆ ಕೂತು ಬಾಯಲ್ಲಿ ಮಾತ್ರ ಹೇಳುತ್ತೇನೆ, ಪಾತ್ರೆ ಮುಟ್ಟುವುದಿಲ್ಲ ಎಂದು ಒಪ್ಪಿಕೊಂಡೆ.

ಏಪ್ರಿಲ್ 5, ಶನಿವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಅಂಗಡಿಯ ಹಿಂದಿನ ಕೋಣೆ. ಬಕೆಟ್ಟುಗಳಲ್ಲಿ ಹೂವು, ನೆಲವೆಲ್ಲ ಒದ್ದೆ, ಮಧ್ಯೆ ಉದ್ದನೆಯ ಮೇಜು. ಬಂದವರಲ್ಲಿ ಒಬ್ಬರು ನಿವೃತ್ತ ಬಸ್ ಡ್ರೈವರ್, ಇಬ್ಬರು ನರ್ಸ್‌ಗಳು, ಒಬ್ಬ ದರ್ಜಿ, ತಾಯಿ ಮಗಳು ಒಂದು ಜೋಡಿ. ಉಳಿದಿಬ್ಬರು ಪರಸ್ಪರ ಮಾತಾಡುವುದಕ್ಕೇ ಬಂದವರು. ನಾನು ಮೂಲೆಯಲ್ಲಿ ಕೂತು ಹೇಳುತ್ತಿದ್ದೆ, ನಾದಿನಿ ಮಾಡಿ ತೋರಿಸುತ್ತಿದ್ದಳು. ಕೆನೆ ಕಟ್ಟುತ್ತಿದೆ, ಈಗ ಸುರಿ ಎಂದೆ. ಅವಳು "ಯಾವುದು ಭಾವ ಕೆನೆ?" ಎಂದು ಪಾತ್ರೆಯೊಳಗೆ ಇಣುಕುತ್ತ ನಿಂತಳು. ನಾಲ್ಕು ನಿಮಿಷದಲ್ಲಿ ಎರಡು ಅಲ್ಲಿಯೇ ಹೋಯಿತು. ಎದ್ದೆ, ಪಾತ್ರೆ ಕಿತ್ತುಕೊಂಡೆ, ಸುರಿದೆ. ಎಂಟು ಡಬ್ಬಕ್ಕೂ ಸುರಿದು ಮುಗಿಸಿದ ಮೇಲೆ ನೋಡುತ್ತೇನೆ, ಕೋಣೆಯಲ್ಲಿ ಯಾರೂ ಮಾತಾಡುತ್ತಿಲ್ಲ. ಹರಟೆಯವರಿಬ್ಬರೂ ಸಹ.

ತಣಿದ ಬತ್ತಿಗಳನ್ನು ತೆಗೆದಾಗ ಡ್ರೈವರ್ ಕನ್ನಡಕ ಏರಿಸಿ ನೋಡಿ, "ಈ ಅಲೆ ಹೇಗೆ ಬಂತು ಸಾರ್?" ಎಂದರು.

"ಸುರಿಯುವಾಗ ಕೈ ನಡುಗಿದ್ರೆ ಬರುತ್ತೆ" ಎಂದೆ. ಬೇರೆ ಏನು ಹೇಳಲಿ?

ಎರಡನೆಯ ಸುತ್ತು ಅವರವರೇ ಸುರಿಯಬೇಕು. ಎಂಟು ಜನ ಎಂಟು ಪಾತ್ರೆ ಹಿಡಿದು, ಪರೀಕ್ಷೆಗೆ ಕೂತವರ ಹಾಗೆ ಮುಖ ಬಿಗಿದುಕೊಂಡು, ಬೇಕೆಂದೇ ಕೈ ನಡುಗಿಸತೊಡಗಿದರು! ದರ್ಜಿಯದು ಕೈ ಬಿಟ್ಟು ತಲೆ ಅಲ್ಲಾಡುತ್ತಿತ್ತು. ದಪ್ಪನೆಯ ನರ್ಸ್ ಸೊಂಟವನ್ನೇ ಕುಲುಕಿಸಿದರು. ಡ್ರೈವರ್ ಮಾತ್ರ ಎಷ್ಟು ಒದ್ದಾಡಿದರೂ ಗೆರೆ ಎಳೆದ ಹಾಗೆ ನೇರ ಸುರಿದು, "ನಲವತ್ತು ವರ್ಷ ಸ್ಟೇರಿಂಗ್ ಹಿಡಿದು ಕೈ ಕೆಟ್ಟುಹೋಗಿದೆ ಸಾರ್, ಅಲ್ಲಾಡೋದೇ ಇಲ್ಲ!" ಎಂದು ಅಲವತ್ತುಕೊಂಡರು.

ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅವರಿಗೆ ಯಾಕೆಂದು ತಿಳಿಯಲಿಲ್ಲ, ಆದರೂ ನಕ್ಕರು. ಡ್ರೈವರ್ ಮುಂದಿನ ಶನಿವಾರವೂ ಬರುತ್ತಾರಂತೆ. ಗೆರೆ ಬರುವ ತನಕ ಬಿಡುವುದಿಲ್ಲವಂತೆ.

ಏಪ್ರಿಲ್ 8, ಮಂಗಳವಾರ

ಭೂತಗನ್ನಡಿಯ ಮನೆಗೆ ಹೋದೆ. ಒಂದು ಬತ್ತಿ ಒಯ್ದಿದ್ದೆ. ಬಾಗಿಲು ತೆರೆದವಳು "ಬನ್ನಿ ಸರ್" ಎಂದಳು, ಅಷ್ಟೆ.

"ಅವತ್ತು ನಾನು ಆಡಬಾರದ ಮಾತು ಆಡಿದೆ. ಮನಸ್ಸಿಗೆ ಹಚ್ಕೋಬೇಡ."

"ಹಚ್ಕೊಂಡಿದ್ದೆ ಸರ್" ಎಂದಳು. "ಮೂರು ದಿನ ಹಚ್ಕೊಂಡೇ ಇದ್ದೆ. ಈಗ ಬಿಟ್ಟೆ. ಕೂತ್ಕೊಳ್ಳಿ."

ಸೆಟ್ ಇನ್ನೂ ಹಾಗೇ ಇತ್ತು. ನಾಲ್ಕನೆಯ ಸಲ ಮಾಡಲು ಅವಳಿಗೆ ಧೈರ್ಯವಿರಲಿಲ್ಲ. ಮೇಜಿನ ಮೇಲೆ ಇಡಿಸಿ, ಸುತ್ತ ತಿರುಗಿಸಿ ತೋರಿಸು ಎಂದೆ. ಅವಳು ತಿರುಗಿಸಿದಳು, ನಾನು ನೋಡಿದೆ. ಹಲ್ಲಿನ ಜೋಡಣೆಯಲ್ಲಿ ಒಂದು ಕೂದಲಷ್ಟೂ ತಪ್ಪಿಲ್ಲ. ನಾನೂ ಇಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ, ಇದನ್ನು ಅವಳಿಗೂ ಹೇಳಿದೆ. ತಪ್ಪಿರುವುದು ಡಾಕ್ಟರು ಕಳಿಸಿದ ಅಳತೆಯಲ್ಲಿ. ಹೆದರಿದವರು, ಅಳತೆಗೆಂದು ಮೇಣ ಕಚ್ಚಿ ಎಂದಾಗ, ದವಡೆಯನ್ನು ಮುಂದಕ್ಕೆ ಚಾಚಿ ಕಚ್ಚುತ್ತಾರೆ. ಮನೆಯಲ್ಲಿ ನೆಮ್ಮದಿಯಾಗಿ ಊಟಕ್ಕೆ ಕೂತಾಗ ದವಡೆ ಅದರ ಜಾಗಕ್ಕೆ ಹೋಗುತ್ತದೆ. ಸೆಟ್ ಕೂಡುವುದಾದರೂ ಹೇಗೆ?

"ಹಾಗಿದ್ರೆ ಮತ್ತೆ ಅಳತೆ ತಗೊಳ್ಳಿ ಅಂತ ಡಾಕ್ಟರಿಗೆ ಹೇಳೋರು ಯಾರು ಸರ್? ನನ್ನ ಮಾತು ಕೇಳಲ್ಲ. ನೀವು ಬರಬೇಕು."

ಬರುತ್ತೇನೆ ಎಂದೆ. ಬರುವ ದಾರಿಯಲ್ಲಿ ಡಬ್ಬಗಳಿಗೆ ಎಣ್ಣೆ ತರುವುದು ಮರೆತೆ.

ಏಪ್ರಿಲ್ 11, ಶುಕ್ರವಾರ

ಅಜ್ಜಿಗೆ ಎಂಬತ್ತರ ಹತ್ತಿರ. ಮೂರು ತಿಂಗಳಿಂದ ಹಾಲಿನಲ್ಲಿ ನೆನೆಸಿದ ಬ್ರೆಡ್ಡೇ ಊಟವಂತೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕುರ್ಚಿಯ ಎರಡೂ ಹಿಡಿಗಳನ್ನು ಬಿಗಿಯಾಗಿ ಹಿಡಿದು, ಬಸ್ಸು ಹೊರಡುತ್ತದೇನೋ ಎಂಬಂತೆ ಕೂತಿದ್ದರು. ಡಾಕ್ಟರು ನನ್ನ ಮಾತು ಕೇಳಿ ಹುಬ್ಬು ಗಂಟಿಕ್ಕಿದರು, ಆದರೂ ಆಗಲಿ ನೋಡೋಣ ಎಂದರು.

ನಾನು ಅಜ್ಜಿಯ ಪಕ್ಕ ಸ್ಟೂಲು ಎಳೆದು ಕೂತೆ. ನಾಲಗೆಯ ತುದಿಯನ್ನು ಅಂಗುಳಿನ ಹಿಂದಕ್ಕೆ ಮಡಿಸಿ, ಎಂಜಲು ನುಂಗಿ, ಹಾಗೇ ಮೆಲ್ಲಗೆ ಬಾಯಿ ಮುಚ್ಚಬೇಕು ಎಂದು ಕೈಯಲ್ಲಿ ತೋರಿಸಿ ಹೇಳಿದೆ.

"ನಿಮ್ಮ ಕೈ ಯಾಕಪ್ಪ ನಡುಗುತ್ತೆ? ನಿಮಗೂ ಹೆದರಿಕೆನಾ?" ಎಂದರು.

"ಇಲ್ಲಮ್ಮ, ಅದು ಹಾಗೇ."

"ನನ್ನ ಮಂಡಿನೂ ಹಾಗೇ. ಕೂತ್ರೂ ಕುಣಿಯುತ್ತೆ" ಎಂದು ಕುರ್ಚಿಯ ಹಿಡಿ ಬಿಟ್ಟರು. ನಾಲಗೆ ಮಡಿಸಿ, ನುಂಗಿ, ಕಚ್ಚಿದರು. ಡಾಕ್ಟರು ಮೇಣವನ್ನು ತೆಗೆದು ಹಳೆಯ ಅಳತೆಯ ಪಕ್ಕ ಇಟ್ಟು ನೋಡಿದರು. ಅಕ್ಕಿಕಾಳಿನಷ್ಟು ವ್ಯತ್ಯಾಸ. ಹೊರಗೆ ಬಂದ ಮೇಲೆ ಭೂತಗನ್ನಡಿ ಮೆಟ್ಟಿಲ ಮೇಲೆ ನಿಂತು ಒಂದು ಸಲ ಕುಣಿದೇಬಿಟ್ಟಳು.

ಏಪ್ರಿಲ್ 18, ಶುಕ್ರವಾರ

ಸೆಟ್ ಕೂಡಿತು. ಅಜ್ಜಿ ಚೀಲದಿಂದ ಒಂದು ಸೇಬು ತೆಗೆದರು. ಮನೆಯಿಂದಲೇ ತಂದಿದ್ದರಂತೆ. ಮೊದಲ ದಿನವೇ ಬೇಡ ಎಂದು ಡಾಕ್ಟರು ಅನ್ನುವಷ್ಟರಲ್ಲಿ ಪಕ್ಕದ ಹಲ್ಲಿನಿಂದ ಒಂದು ಚೂರು ಕಚ್ಚಿಯಾಗಿತ್ತು. ಕರಕ್ ಎಂದಿತು. ಕಣ್ಣು ಮುಚ್ಚಿ ಅಗಿಯುತ್ತ ಕೂತರು. ನಾವು ಮೂವರೂ ನಿಂತು ನೋಡುತ್ತಿದ್ದೆವು.

"ಹಲ್ಲಿದ್ದಾಗ ಕಡಲೆ ಇರ್ಲಿಲ್ಲ, ಕಡಲೆ ಬಂದಾಗ ಹಲ್ಲಿರ್ಲಿಲ್ಲ" ಎಂದರು ನುಂಗಿದ ಮೇಲೆ. "ಈಗ ಎರಡೂ ಇವೆ, ತಿನ್ನೋದೊಂದೇ ಬಾಕಿ."

ಸಂಜೆ ಯಜಮಾನರ ಫೋನ್. ವಾರಕ್ಕೆ ಎರಡು ದಿನ ಬಂದು ಕೂತು, ಹೊರಗೆ ಹೋಗುವ ಕೆಲಸವನ್ನೆಲ್ಲ ಕಣ್ಣಲ್ಲಿ ನೋಡಿ ಹೇಳಿದರೆ ಸಾಕಂತೆ. ಮಂಗಳವಾರ, ಶನಿವಾರ ಬನ್ನಿ ಎಂದರು.

"ಶನಿವಾರ ಕ್ಲಾಸಿದೆ ಸರ್. ಮಂಗಳವಾರ ಮೇಣ ಸುರಿಯೋ ದಿನ. ಬುಧವಾರ, ಶುಕ್ರವಾರ ಆದ್ರೆ ನೋಡೋಣ."

ಆಯ್ತು, ನಿಮಗೆ ಅನುಕೂಲವಾದ ದಿನವೇ ಬನ್ನಿ ಎಂದರು. ಇವಳು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಏನು ಠೀವಿ ರೀ!" ಎಂದಳು. ಠೀವಿ ಏನು ಬಂತು, ಮಂಗಳವಾರ ನಿಜವಾಗಿಯೂ ಆಗುವುದಿಲ್ಲ.

ಏಪ್ರಿಲ್ 20, ಭಾನುವಾರ

ನಾದಿನಿ ಫೋನ್ ಮಾಡಿ, ಯಾರೋ ಗಿರಾಕಿ ಕೇಳುತ್ತಿದ್ದಾರೆ, ಒಂದು ಬತ್ತಿ ಎಷ್ಟು ಹೊತ್ತು ಉರಿಯುತ್ತೆ ಭಾವ ಎಂದಳು. ನನಗೆ ಗೊತ್ತಿರಲಿಲ್ಲ. ನೂರರ ಮೇಲೆ ಬತ್ತಿ ಮಾಡಿದ್ದೇನೆ, ಇವತ್ತಿನವರೆಗೆ ಒಂದನ್ನೂ ಹಚ್ಚಿ ನೋಡಿಲ್ಲ!

ಹೊತ್ತು ಮುಳುಗುವಾಗ ಊಟದ ಮೇಜಿನ ಮೇಲೆ ಒಂದನ್ನು ಇಟ್ಟೆ. ಅಂಗಡಿಗೆ ಹೋಗಬೇಕಾದವುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು, ಐದು ಗೆರೆಯದ್ದು. ಎರಡು ಕಡ್ಡಿ ಆರಿದವು, ಮೂರನೆಯದಕ್ಕೆ ಹತ್ತಿತು. ಇವಳು ತಾನಾಗಿಯೇ ಹೋಗಿ ಲೈಟ್ ಆರಿಸಿ ಬಂದಳು.

ಸ್ವಲ್ಪ ಹೊತ್ತು ಬರೀ ತುದಿಯಲ್ಲಿ ಉರಿ. ಆಮೇಲೆ ದಾರದ ಸುತ್ತಲಿನ ಮೇಣ ಕರಗಿ ಬೆಳಕು ಒಳಗಿಳಿಯಿತು. ತೆಳುವಾದಲ್ಲಿ ಜೇನಿನ ಬಣ್ಣ, ದಪ್ಪವಾದಲ್ಲಿ ನೆರಳು. ಬಿಳಿ ಹೂ ಎದ್ದ ಕಡೆಯೆಲ್ಲ ಒಂದೊಂದು ಸಣ್ಣ ದೀಪ. ನುಣುಪಾದ ಬತ್ತಿ ಹೀಗೆ ಉರಿಯುತ್ತಿರಲಿಲ್ಲ. ಇವಳು ಮಾತಾಡುತ್ತಲೇ ಇದ್ದಳು, ಗ್ರಂಥಾಲಯಕ್ಕೆ ಯಾರೋ ಹನ್ನೊಂದು ವರ್ಷದ ಮೇಲೆ ಪುಸ್ತಕ ವಾಪಸ್ ತಂದ ಕಥೆ. ಪೂರ್ತಿ ಕೇಳಿದೆ. ಅವಳ ಮುಖದ ಮೇಲೆ ಬೆಳಕು ಚೆನ್ನಾಗಿ ಬಿದ್ದಿತ್ತು.

ಊಟ ಮುಗಿಯುವಷ್ಟರಲ್ಲಿ ಮೇಲಿನ ಗೆರೆ ಕರಗಿಹೋಗಿತ್ತು. "ಅಯ್ಯೋ, ಇಷ್ಟು ಚೆನ್ನಾಗಿರೋದು ಹಾಳಾಗುತ್ತೆ ರೀ" ಎಂದು ಇವಳು ಊದಿ ಆರಿಸಲು ಬಾಗಿದಳು.

"ಉರೀಲಿ ಬಿಡೇ" ಎಂದೆ. "ಇನ್ನೊಂದು ಮಾಡಿದ್ರಾಯ್ತು."